ಮೈನಸ್ ನಲವತ್ತೊಂದು

ಉತ್ತರ ಸರಿಯೋ ತಪ್ಪೋ ಹೇಳಲಾಗದೆ ಟೀಚರಮ್ಮ ತರಗತಿಯ ನಡುವೆ ನಿಂತದ್ದು ಜೀವಮಾನದಲ್ಲಿ ಅದೇ ಮೊದಲು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ತಪ್ಪು ಉತ್ತರಗಳ ಜೊತೆಗೇ ಸಂಸಾರ ಮಾಡಿದವರು ಎನ್ನಬಹುದು. ಪುಟವನ್ನು ದೂರದಿಂದ ಕಂಡರೇ ಸಾಕು, ಹುಡುಗಿ ಯಾವ ಸಾಲಿನಲ್ಲಿ ಎಡವಿದ್ದಾಳೆ ಎಂದು ಹೇಳಿಬಿಡುತ್ತಿದ್ದರು. ಅಂಥವರು ಆ ಮಂಗಳವಾರ ಜೈಲಿನ ತರಗತಿಯಲ್ಲಿ ಬಡಗಿಯಾಗಿದ್ದ ಕೈದಿಯೊಬ್ಬನ ಬೆನ್ನ ಹಿಂದೆ ನಿಂತು, ಪರದೆಯ ಮೇಲೆ ಮೂಡಿದ್ದ ಒಂದು ಸಂಖ್ಯೆಯನ್ನು ಮೂರು ಸಲ ಓದಿದರು. ಮೈನಸ್ ನಲವತ್ತೊಂದು.

ಅವರು ಜೈಲಿಗೆ ಪಾಠ ಹೇಳಲು ಬರತೊಡಗಿ ಐದು ತಿಂಗಳಾಗಿತ್ತು. ಮಂಗಳವಾರ ಮತ್ತು ಶುಕ್ರವಾರ, ಮೊದಲ ಗಂಟೆ ಗಣಿತ, ಎರಡನೆಯ ಗಂಟೆ ಕೋಡಿಂಗ್. ಕೋಡಿಂಗನ್ನು ಅವರು ನಿವೃತ್ತಿಯ ನಂತರ ಅಣ್ಣನ ಮಗಳ ಹತ್ತಿರ ಬೈಸಿಕೊಂಡು ಬೈಸಿಕೊಂಡೇ ಕಲಿತಿದ್ದರು. ಹಿಂದೆ ಕಂಬಳಿ ಪೇರಿಸಿಡುತ್ತಿದ್ದ ಕೋಣೆಯೇ ಈಗ ತರಗತಿ. ಒಂಬತ್ತು ಹಳೆಯ ಕಂಪ್ಯೂಟರುಗಳನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಇಂಟರ್ನೆಟ್ ಇಲ್ಲ, ಪೆನ್‌ಡ್ರೈವ್ ಒಳಗೆ ಬಿಡುವುದಿಲ್ಲ. ಎರಡು ಕೀಬೋರ್ಡುಗಳಲ್ಲಿ ಕೆಲವು ಅಕ್ಷರಗಳು ಸವೆದುಹೋಗಿ ಕೈಯಂದಾಜಿನಲ್ಲೇ ಒತ್ತಬೇಕು. ಮೂಗಿಗೆ ಇನ್ನೂ ಕಂಬಳಿಯ ವಾಸನೆಯೇ. ಹನ್ನೊಂದು ಜನ ವಿದ್ಯಾರ್ಥಿಗಳು. ಎಲ್ಲರನ್ನೂ ಅವರು ‘ನೀವು’ ಎಂದೇ ಮಾತಾಡಿಸುತ್ತಿದ್ದರು. ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂರುವ ವಾರ್ಡರ್‌ಗೆ ಮೊದಮೊದಲು ಅದನ್ನು ಕೇಳಿ ನಗು ಬರುತ್ತಿತ್ತು. ಈಚೀಚೆಗೆ ಅವನೂ ಅರಿವಿಲ್ಲದೆ ಒಂದೆರಡು ಸಲ ‘ಬನ್ನಿ’ ಅಂದುಬಿಟ್ಟಿದ್ದ.

ಆ ದಿನದ ಅಭ್ಯಾಸ ಎರಡು ತಾರೀಖುಗಳ ನಡುವಿನ ದಿನಗಳನ್ನು ಎಣಿಸುವ ಪ್ರೋಗ್ರಾಂ. ಉದಾಹರಣೆಗೆ ಟೀಚರಮ್ಮ ಬೋರ್ಡಿನ ಮೇಲೆ ಶಾಲೆ ತೆರೆಯುವ ದಿನ, ಪರೀಕ್ಷೆಯ ದಿನ ಎಂದು ಬರೆದಿದ್ದರು. ಅದನ್ನು ಯಾರು ಕೇಳುತ್ತಾರೆ? ಎಲ್ಲರೂ ತಮ್ಮ ಶಿಕ್ಷೆಯ ತಾರೀಖನ್ನೇ ಒತ್ತಿದರು. ಶಿಕ್ಷೆಯ ವರ್ಷಗಳನ್ನು ಕೂಡಿಸಿ, ಇವತ್ತಿನ ದಿನ ಕಳೆದರೆ ಇನ್ನು ಎಷ್ಟು ಉಳಿದಿದೆ ಎಂದು ಬರುತ್ತದೆ. ಒಬ್ಬೊಬ್ಬರ ಪರದೆಯ ಮೇಲೂ ದೊಡ್ಡ ದೊಡ್ಡ ಸಂಖ್ಯೆಗಳು. ಬಡಗಿಯ ಪರದೆಯಲ್ಲಿ ಮಾತ್ರ ಇದು.

ಪಕ್ಕದಲ್ಲಿ ಕೂತಿದ್ದವನಿಗೆ ‘ವಕೀಲ’ ಎಂದು ಹೆಸರು. ಅವನು ಕೋರ್ಟಿನ ಮೆಟ್ಟಿಲು ಹತ್ತಿದ್ದು ಆರೋಪಿಯಾಗಿಯೇ ಹೊರತು ಕರಿಕೋಟು ಹಾಕಿಕೊಂಡಲ್ಲ. ಜೈಲಿನ ಲೈಬ್ರರಿಯಲ್ಲಿದ್ದ ಕಾನೂನಿನ ಪುಸ್ತಕವನ್ನು ಅರೆದು ಕುಡಿದಿದ್ದರಿಂದ ಬಂದ ಬಿರುದು ಅದು. ಅವನು ಕತ್ತು ಚಾಚಿ ನೋಡಿ, “ಅಲ್ಲಪ್ಪಾ, ನಿನ್ನ ಲೆಕ್ಕದ ಪ್ರಕಾರ ನೀನು ನಲವತ್ತೊಂದು ದಿನದಿಂದ ಇಲ್ಲಿ ಇಲ್ವೇ ಇಲ್ಲ. ಹಂಗಾದ್ರೆ ಇಲ್ಲಿ ಕೂತಿರೋನು ಯಾರು?” ಅಂದ. ಎಲ್ಲರೂ ನಕ್ಕರು. ಬಡಗಿಯೂ ನಕ್ಕ. ಐವತ್ತರ ಆಸುಪಾಸಿನ, ಮಾತು ಕಡಿಮೆ ಆಡುವ ಮನುಷ್ಯ. ಮರ ಕೊರೆದು ಕೊರೆದು ಒರಟಾದ ಬೆರಳುಗಳಿಂದ ಒಂದೊಂದೇ ಕೀಲಿಯನ್ನು ಮೊಳೆ ಹೊಡೆದ ಹಾಗೆ ಒತ್ತುತ್ತಿದ್ದ.

“ಕಳೆಯುವಾಗ ಹಿಂದು ಮುಂದಾಗಿರಬೇಕು,” ಅಂದರು ಟೀಚರಮ್ಮ. ಆಗಿರಲಿಲ್ಲ. ಅಧಿಕ ವರ್ಷದ ಸಾಲನ್ನು ನೋಡಿದರು. ಅದೂ ಸರಿ ಇತ್ತು. ಗಂಟೆ ಹೊಡೆಯಿತು. ಬಡಗಿಯ ಕೋಡನ್ನು ಅಕ್ಷರ ಬಿಡದೆ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡು ಮನೆಗೆ ಹೋದರು.

ಮನೆಯಲ್ಲಿ ಅವರೂ ಅವರ ಅಕ್ಕನೂ ಇಬ್ಬರೇ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಪ್ರಪಂಚದಲ್ಲಿ ಯಾರು ಏನೇ ಮಾತಾಡಿದರೂ ನಡುವೆ ತಂತಿ ಜೋಡಿಸುವ ಹಕ್ಕು ತಮಗಿದೆ ಎಂದು ಇನ್ನೂ ನಂಬಿದ್ದರು. ಊಟದ ಮೇಜಿನ ಮೇಲೆ ಹಳೇ ಕ್ಯಾಲೆಂಡರುಗಳನ್ನು ಹರಡಿಕೊಂಡು ತಂಗಿ ಬೆರಳೆಣಿಸುವುದನ್ನು ನೋಡಿ, “ಕಂಪ್ಯೂಟರ್ ಕಲ್ಸೋಕೆ ಹೋದೋಳು ಬೆರಳೆಣಿಸ್ಕೊಂಡು ಬಂದಿದೀಯಲ್ಲೇ,” ಅಂದರು.

“ಸುಮ್ನಿರು ಅಕ್ಕ, ಲೆಕ್ಕ ತಪ್ಪುತ್ತೆ.”

ಕೈಲೆಕ್ಕದಲ್ಲೂ ಮೈನಸ್ ನಲವತ್ತೊಂದೇ ಬಂತು.

ಶುಕ್ರವಾರ ತರಗತಿಗೆ ಕಾಲಿಟ್ಟವರೇ ಬಡಗಿಯನ್ನು ಕೇಳಿದರು. “ಶುರುವಿನ ತಾರೀಖು ಅಂತ ಯಾವುದನ್ನ ಕೊಟ್ರಿ?”

“ನನ್ನ ಹಿಡ್ಕೊಂಡು ಹೋದ ದಿನ ಟೀಚರಮ್ಮ. ಒಳಗೆ ಬಂದಿದ್ದು ಅವತ್ತೇ ತಾನೆ?”

ಉಳಿದವರು ಕೊಟ್ಟಿದ್ದು ತಮ್ಮ ಚೀಟಿಯಲ್ಲಿದ್ದ, ಶಿಕ್ಷೆ ಶುರುವಾದ ತಾರೀಖು. ಪ್ರತಿ ಕೈದಿಗೂ ಒಂದು ಚೀಟಿ ಇರುತ್ತದೆ; ಶಿಕ್ಷೆ ಎಷ್ಟು, ಶುರು ಯಾವಾಗ, ಬಿಡುಗಡೆ ಯಾವಾಗ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಬಡಗಿಯ ಚೀಟಿಯ ಪ್ರಕಾರ ಆ ಮಂಗಳವಾರಕ್ಕೆ ಇನ್ನೂ ನೂರ ಅರವತ್ತಮೂರು ದಿನ ಬಾಕಿ. ಅವನ ಪ್ರೋಗ್ರಾಂ ಪ್ರಕಾರ ನಲವತ್ತೊಂದು ದಿನ ಹೆಚ್ಚಾಗಿದೆ. ನಡುವೆ ಇನ್ನೂರ ನಾಲ್ಕು ದಿನದ ಕಂದಕ.

“ತೀರ್ಪು ಬರೋಕೆ ಮುಂಚೆ ಬೇರೆ ಊರಿನ ಜೈಲಲ್ಲಿದ್ದೆ,” ಅಂದ ಬಡಗಿ. “ಆರೇಳು ತಿಂಗಳು. ಆಮೇಲೆ ಇಲ್ಲಿಗೆ ಕರ್ಕೊಂಡು ಬಂದ್ರು.”

ವಕೀಲ ತನ್ನ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದ. “ಇಲ್ನೋಡಿ ಟೀಚರಮ್ಮ. ತೀರ್ಪಿಗೆ ಮುಂಚೆ ಒಳಗಿದ್ದ ದಿನಾನೂ ಶಿಕ್ಷೆಯಲ್ಲೇ ಕಳೀಬೇಕು. ನಂದು ತೊಂಬತ್ತಾರು ದಿನ, ಕಳೆದಿದಾರೆ. ಅದಕ್ಕೇ ಅಂತ ಒಂದು ಸಾಲಿದೆ.” ಬಡಗಿಯ ಚೀಟಿಯಲ್ಲೂ ಆ ಸಾಲಿತ್ತು. ಅದರ ಮುಂದೆ ಮಾತ್ರ ಏನೂ ಬರೆದಿರಲಿಲ್ಲ.

ಪಾಠ ಮುಗಿಸಿ ಅವರು ನೇರವಾಗಿ ದಾಖಲೆ ವಿಭಾಗದ ಗುಮಾಸ್ತನ ಬಳಿ ಹೋದರು. ಗುಮಾಸ್ತ ಕಡತ ತೆಗೆದು, ಕನ್ನಡಕ ಏರಿಸಿ, ಇಳಿಸಿ, “ಇಲ್ಲಿ ಖಾಲಿ ಇದೆಯಲ್ಲ ಮೇಡಂ. ಖಾಲಿ ಅಂದ್ರೆ ಸೊನ್ನೆ,” ಅಂದ.

“ಖಾಲಿ ಬೇರೆ, ಸೊನ್ನೆ ಬೇರೆ. ಸೊನ್ನೆ ಅಂದ್ರೆ ಎಣಿಸಿ ನೋಡಿದೀವಿ, ಏನೂ ಸಿಗಲಿಲ್ಲ ಅಂತ. ಖಾಲಿ ಅಂದ್ರೆ ಯಾರೂ ಎಣಿಸೇ ಇಲ್ಲ ಅಂತ.” ಹೋದ ತಿಂಗಳು ಇದನ್ನೇ ತರಗತಿಯಲ್ಲಿ ಎರಡು ಗಂಟೆ ಕಲಿಸಿದ್ದರು.

ಗುಮಾಸ್ತ ಅವರ ಮುಖವನ್ನೂ ಕಡತವನ್ನೂ ಮಿಕಮಿಕ ನೋಡಿದ. “ನನಗೆ ತಲೆಬುಡ ಅರ್ಥ ಆಗ್ಲಿಲ್ಲ ಮೇಡಂ. ಬರೆದು ಕೊಡಿ, ಸಾಹೇಬರಿಗೆ ಕಳಿಸ್ತೀನಿ.”

ಬರೆದು ಕೊಟ್ಟರು. ಅರ್ಧ ಪುಟ, ಮೂರು ಸಾಲು ಲೆಕ್ಕ, ಕೆಳಗೆ ಸಹಿ. ಹಗುರಾದ ಮನಸ್ಸಿನಿಂದ ಗೇಟು ದಾಟಿದರು. ಒಂದು ತಪ್ಪು ಕಂಡಿತು, ತಿದ್ದಿದ್ದಾಯಿತು. ಇದರಲ್ಲಿ ಗೊಂದಲವೇನಿದೆ ಎಂದುಕೊಂಡರು.

ಮುಂದಿನ ಮಂಗಳವಾರ ತರಗತಿ ಮುಗಿದ ಮೇಲೆ ಬಡಗಿ ಎದ್ದು ಹೋಗಲಿಲ್ಲ. “ಒಂದ್ನಿಮಿಷ ಇಲ್ಲಿ ನೋಡಿ ಟೀಚರಮ್ಮ, ಸರಿ ಮಾಡಿದೀನಿ,” ಅಂದ. ಪರದೆಯ ಮೇಲೆ ನೂರ ಐವತ್ತಾರು ಎಂದಿತ್ತು. ಹಿಡಿದ ದಿನವನ್ನು ಅಳಿಸಿ ಚೀಟಿಯ ತಾರೀಖನ್ನೇ ಹಾಕಿದ್ದ. “ಮೊದಲು ಹಾಕಿದ್ದು ನನ್ನ ತಪ್ಪು. ಆ ಅರ್ಜಿ ವಾಪಸ್ ತಗೊಂಡ್ಬಿಡಿ.”

ಟೀಚರಮ್ಮ ಕಕ್ಕಾಬಿಕ್ಕಿಯಾದರು. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಕೊಡಿ ಎಂದು ಗೋಗರೆದವರನ್ನು ಕಂಡಿದ್ದರು. ಬಂದ ಅಂಕ ಕಿತ್ತುಕೊಳ್ಳಿ ಎಂದವರನ್ನು ಕಂಡಿರಲಿಲ್ಲ.

“ನೀವು ಮೊದಲು ಮಾಡಿದ್ದೇ ಸರಿ. ನಿಮ್ಮನ್ನ ಎಂದೋ ಬಿಡಬೇಕಿತ್ತು. ಅರ್ಥ ಆಯ್ತಾ?”

“ಅರ್ಥ ಆಗಿದ್ದಕ್ಕೇ ಹೇಳ್ತಿರೋದು.” ಅವನು ಬಾಗಿಲ ಕಡೆ ನೋಡಿದ. ವಾರ್ಡರ್ ಆಕಳಿಸುತ್ತಿದ್ದ. “ನನ್ನ ಮಗಳಿಗೆ ಮದುವೆ. ಇನ್ನು ಏಳು ವಾರಾನೂ ಇಲ್ಲ. ಗಂಡಿನ ಕಡೆಯವರಿಗೆ, ಅಪ್ಪ ಹಡಗಲ್ಲಿ ಮರಗೆಲಸ ಮಾಡ್ತಾನೆ, ಬರೋಕಾಗಲ್ಲ ಅಂತ ಹೇಳಿದೀವಿ. ಹಡಗು ಅಂತ ಹೇಳ್ಕೊಟ್ಟಿದ್ದು ನಾನೇ. ಅವಳಿಗೆ ಇಷ್ಟ ಇರ್ಲಿಲ್ಲ. ಅಮ್ಮ ಇಲ್ಲದ ಹುಡುಗಿ, ನಾನೇ ಒಪ್ಪಿಸ್ದೆ.”

“ಅದಕ್ಕೂ ಇದಕ್ಕೂ…”

“ಒಳಗಿದ್ರೆ ಬರೋಕಾಗಲಿಲ್ಲ ಅನ್ನಬಹುದು. ಹೊರಗಿದ್ದೂ ಮಗಳ ಮದುವೆಗೆ ಹೋಗ್ದೇ ಇದ್ರೆ ಅದಕ್ಕೆ ಏನಂತ ಹೆಸರಿಡ್ಲಿ? ಹೋದ್ರೆ ಅವಳ ಬಾಳು ಕೆಡುತ್ತೆ. ಈ ಗೋಡೆ ಇದ್ರೆ ನಂಗೆ ಯೋಚನೆ ಇಲ್ಲ ಟೀಚರಮ್ಮ. ಮದುವೆ ಮುಗೀಲಿ, ಆಮೇಲೆ ಬೇಕಾದ್ರೆ ಖಾಲೀನೋ ಸೊನ್ನೇನೋ ನೋಡೋಣ.”

ಟೀಚರಮ್ಮ ನೋಟ್‌ಬುಕ್ ಮುಚ್ಚಿದರು. ಈವರೆಗೆ ಕೇಳದಿದ್ದ ಪ್ರಶ್ನೆಯೊಂದನ್ನು, ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿಬಿಟ್ಟರು. “ನೀವು ಏನು ಮಾಡಿದ್ರಿ?”

“ಪಾಲುದಾರನ ಜೊತೆ ಜಗಳ ಆಯ್ತು. ಕೈಲಿ ಉಳಿಗೆ ಹೊಡೆಯೋ ಮರದ ಕೊಡತಿ ಇತ್ತು,” ಅಂದ ಅವನು, ತನ್ನ ಅಂಗೈಯನ್ನೇ ನೋಡುತ್ತ. “ಅವನಿಗೆ ಒಂದು ಕಣ್ಣು ಹೋಯ್ತು.”

ಆ ಸಂಜೆ ಮನೆಯಲ್ಲಿ ವಿಷಯ ಅಕ್ಕನ ಮುಂದೆ ಬಂತು. ಅಕ್ಕ ಬಟ್ಟೆ ಮಡಚುತ್ತಿದ್ದರು. “ಅವನ ಬಿಡುಗಡೆ ಅವನಿಗೆ ಸೇರಿದ್ದು. ಬೇಡ ಅಂದ್ರೆ ನೀನ್ಯಾಕೆ ಮೂಗು ತೂರಿಸ್ತೀಯ?” ಅಂದರು. ನಾಲ್ಕು ಬಟ್ಟೆ ಮಡಚುವಷ್ಟರಲ್ಲಿ ಮಾತು ತಿರುಗಿಸಿದರು. “ಅದ್ಹೇಗಾಗುತ್ತೆ? ಗೊತ್ತಿದ್ದೂ ಒಬ್ಬ ಮನುಷ್ಯನ್ನ ಒಳಗೆ ಕೂರಿಸೋದಾ? ನಾಳೆ ಅಲ್ಲೇ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಒಂದು ಕಡೆ ನಿಲ್ಲು ಅಕ್ಕ.”

“ನಾನ್ಯಾಕೆ ನಿಲ್ಲಲಿ? ಅರ್ಜಿಗೆ ಸಹಿ ಹಾಕಿದ್ದು ನೀನು.”

ಟೀಚರಮ್ಮ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು, ಈ ಕಡೆ ‘ಬಿಡಿಸಬೇಕು’, ಆ ಕಡೆ ‘ಸುಮ್ಮನಿರಬೇಕು’ ಎಂದು ಬರೆದರು. ಎರಡರ ಕೆಳಗೂ ಒಂದೇ ಕಾರಣ ಬಂದು ಕೂತಿತು: ಅವನ ಮಗಳು. ಪುಟ ಹರಿದು ಹಾಕಿದರು.

ಶುಕ್ರವಾರ ಜೈಲಿನ ಸೂಪರಿಂಟೆಂಡೆಂಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಾಗಲೂ, ಅರ್ಜಿ ವಾಪಸ್ ಕೇಳಲು ಬಂದದ್ದೋ, ಬೇಗ ನೋಡಿ ಎಂದು ಒತ್ತಾಯಿಸಲು ಬಂದದ್ದೋ ಅವರಿಗೇ ನಿಶ್ಚಯವಿರಲಿಲ್ಲ. ಒಳಗೆ ಕರೆದಾಗ ಬಾಯಿಂದ ಬಂದದ್ದು, “ಆ ಅರ್ಜಿ… ಅವರಿಗೆ ಅಂಥ ಅವಸರ ಇಲ್ಲವಂತೆ,” ಎಂಬ ಮಾತು.

ಸೂಪರಿಂಟೆಂಡೆಂಟ್ ಪೆನ್ನು ಕೆಳಗಿಟ್ಟರು. “ಅವಸರ ಇಲ್ಲ ಅಂದ್ರೆ? ಮೇಡಂ, ಇದು ಹೋಟೆಲ್ ಅಲ್ಲ, ಇನ್ನೆರಡು ದಿನ ಇರ್ತೀನಿ ಅನ್ನೋಕೆ. ಆ ಊರಿನ ಜೈಲಿಗೆ ನಾನು ಆಗ್ಲೇ ಬರೆದಿದೀನಿ. ಗೊತ್ತಾದ ಮೇಲೆ ಒಂದು ದಿನ ಹೆಚ್ಚಿಗೆ ಇಟ್ಕೊಂಡ್ರೂ ತಪ್ಪು ನಂದು. ಈಗ ಇದು ನಿಮ್ಮ ಕೈಲೂ ಇಲ್ಲ, ಅವನ ಕೈಲೂ ಇಲ್ಲ.” ಆಮೇಲೆ ಸ್ವಲ್ಪ ಮೆತ್ತಗಾಗಿ, “ಒಳ್ಳೇ ಕೆಲಸ ಮಾಡಿದೀರಿ,” ಅಂದರು. ಆ ಹೊಗಳಿಕೆಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಟೀಚರಮ್ಮ ಹೊರಗೆ ಬಂದರು.

ಉತ್ತರ ಬರಲು ಐದು ವಾರವಾಯಿತು. ಅಷ್ಟೂ ದಿನ ಬಡಗಿ ತರಗತಿಗೆ ತಪ್ಪದೆ ಬಂದ, ಹೇಳಿದ ಅಭ್ಯಾಸವನ್ನೆಲ್ಲ ಮಾಡಿದ, ಆದರೆ ಅವರ ಮುಖ ನೋಡಲಿಲ್ಲ. ಆ ಊರಿನ ಕಾಗದದಲ್ಲಿ ಇದ್ದದ್ದು ಇನ್ನೂರ ಮೂರು ದಿನ, ಇನ್ನೂರ ನಾಲ್ಕಲ್ಲ. ಟೀಚರಮ್ಮ ಮತ್ತೆ ಕ್ಯಾಲೆಂಡರ್ ಹರಡಿಕೊಂಡು ಕೂತರು. ಶಿಕ್ಷೆಯ ಆರು ವರ್ಷ ಕೂಡಿಸಿ ಎರಡು ತಾರೀಖುಗಳನ್ನೂ ಮುಂದಕ್ಕೆ ತಳ್ಳಿದಾಗ ಅವುಗಳ ನಡುವೆ ಅಧಿಕ ವರ್ಷದ ಫೆಬ್ರವರಿ ಇಪ್ಪತ್ತೊಂಬತ್ತು ಸಿಕ್ಕಿಕೊಂಡಿತ್ತು. ಆ ಒಂದು ದಿನ ಅಲ್ಲಿಂದ ಬಂದದ್ದು. ಅವನ ಪ್ರೋಗ್ರಾಂ ತಪ್ಪಲ್ಲ, ಜೈಲಿನವರ ಲೆಕ್ಕವೂ ತಪ್ಪಲ್ಲ, ಆದರೂ ಉತ್ತರ ಎರಡು. ಇದನ್ನು ಯಾರಿಗೆ ಹೇಳುವುದು?

ಬಿಡುಗಡೆಯಾದದ್ದು ಮಂಗಳವಾರ. ಮದುವೆ ಅದೇ ವಾರದ ಭಾನುವಾರ. ಒಟ್ಟು ಎಂಬತ್ತೊಂಬತ್ತು ದಿನ ಹೆಚ್ಚಿಗೆ ಒಳಗಿದ್ದವನಿಗೆ ಗುಮಾಸ್ತ ಚೀಲ ಕೊಟ್ಟು, ಮೂರು ಕಡೆ ಸಹಿ ಹಾಕಿಸಿಕೊಂಡು, ‘ಖಾಲಿ’ ಇದ್ದ ಸಾಲನ್ನು ಅಂದವಾಗಿ ತುಂಬಿದ. ಪಾಠ ಮುಗಿಸಿ ಟೀಚರಮ್ಮ ಹೊರಬಂದಾಗ ಬಡಗಿ ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದ. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವನು ಹತ್ತಲಿಲ್ಲ.

ಟೀಚರಮ್ಮ ರಸ್ತೆ ದಾಟಿ ಹೋಗಿ ಪಕ್ಕದಲ್ಲಿ ನಿಂತರು. ಕ್ಷಮಿಸಿ ಎನ್ನಬೇಕೋ, ಒಳ್ಳೆಯದಾಗಲಿ ಎನ್ನಬೇಕೋ ಗೊತ್ತಾಗದೆ ಚೀಲದಿಂದ ಫೋನ್ ತೆಗೆದು ಕೊಟ್ಟರು. ಅವನು ಬಹಳ ಹೊತ್ತು ಅದನ್ನು ಹಿಡಿದುಕೊಂಡಿದ್ದು, ಮೊಳೆ ಹೊಡೆದ ಹಾಗೆ ಒಂದೊಂದೇ ಅಂಕಿ ಒತ್ತಿದ.

“ನಾನಮ್ಮ. ಹೂಂ, ನಾನೇ. ಹಡಗು ಬೇಗ ಬಂದ್ಬಿಡ್ತು ಮಗಳೇ.”

ಆಮೇಲೆ ಅವನು ಫೋನನ್ನು ಎದೆಗೊತ್ತಿಕೊಂಡು, “ನಿಜವಾಗ್ಲೂನಾ ಅಂತ ಕೇಳ್ತಿದಾಳೆ,” ಅಂದ. “ಹೌದು ಅನ್ನಿ,” ಅಂದರು ಟೀಚರಮ್ಮ. “ಹೌದಮ್ಮ,” ಅಂದ ಅವನು. ಮತ್ತೆ ಕೇಳಿಸಿಕೊಂಡ. ಕರೆ ಮುಗಿದ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. “ಶನಿವಾರದ ತನಕ ಟೈಮ್ ಕೊಡು ಅಪ್ಪ ಅಂದ್ಲು. ಅತ್ತಳೋ ನಕ್ಕಳೋ ತಿಳೀಲಿಲ್ಲ.” ಹಳೆಯ ಗೆಳೆಯನೊಬ್ಬನ ಮರದ ಅಂಗಡಿಯಲ್ಲಿ ಉಳಿದುಕೊಳ್ಳುತ್ತೇನೆ ಎಂದು ಹೇಳಿ ಮುಂದಿನ ಬಸ್ಸು ಹತ್ತಿದ. ಹೋಗುವ ಮೊದಲು ಟೀಚರಮ್ಮ ತಮ್ಮ ವಿಳಾಸವನ್ನು ಚೀಟಿಯಲ್ಲಿ ಬರೆದು ಕೊಟ್ಟರು.

ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದವನು ಅವನೇ. ಗೆಳೆಯನ ಅಂಗಿ ತೊಟ್ಟಿದ್ದ, ತೋಳು ಗಿಡ್ಡ. ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕುರ್ಚಿ ಎಳೆದರು.

“ಬಾ ಅಂದಿದಾಳೆ,” ಅಂದ ಅವನು. “ಹಡಗಿಂದ ಬಂದೋನ ಹಾಗೇ ಬಾ ಅಂತ. ಬೀಗರು ಏನಾದ್ರೂ ಕೇಳೇ ಕೇಳ್ತಾರೆ. ನಾನು ಸಮುದ್ರಾನೇ ನೋಡಿಲ್ಲ ಟೀಚರಮ್ಮ. ಸ್ವಲ್ಪ ಹೇಳ್ಕೊಡಿ.”

ಟೀಚರಮ್ಮ ಪೇಚಿಗೆ ಸಿಕ್ಕಿಬಿದ್ದರು. ಮಕ್ಕಳಿಗೆ ಒಂದು ಚಿಹ್ನೆ ತಪ್ಪಾದರೂ ಬಿಡದೆ ತಿದ್ದಿಸಿದವರು ಈಗ ಒಬ್ಬನಿಗೆ ಸುಳ್ಳು ಕಲಿಸಬೇಕು. ಅದನ್ನು ಸರಿಯಾಗಿ ಕಲಿಸೋಣವೆಂದರೆ ಅವರಿಗೂ ಹಡಗಿನ ಗಂಧಗಾಳಿ ಇಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹಳೇ ಭೂಪಟದ ಪುಸ್ತಕ ತಂದು ಮೇಜಿನ ಮೇಲೆ ಬಿಡಿಸಿಯಾಗಿತ್ತು.

“ಇಲ್ಲಿಂದ ಹೊರಟ್ರಿ ಅನ್ಕೊಳ್ಳಿ, ಇಲ್ಲಿಗೆ ತಲುಪಿದ್ರಿ. ಎಷ್ಟು ದಿನ ಆಗುತ್ತೆ? ನೀನು ಹೇಳೇ, ಲೆಕ್ಕ ನಿಂದಲ್ವಾ?”

“ಹಡಗಿನ ವೇಗ ಗೊತ್ತಿಲ್ದೆ ಹೇಗೆ ಹೇಳ್ಲಿ?”

“ಒಂದು ವೇಗ ಇಟ್ಕೋ.”

ಟೀಚರಮ್ಮ ಒಂದು ವೇಗ ಇಟ್ಟುಕೊಂಡರು. ಸ್ಕೇಲಿನಲ್ಲಿ ಅಳೆದರು, ಭಾಗಿಸಿದರು. ಹದಿನಾರು ದಿನ ಬಂತು. ಬಡಗಿ ಅದನ್ನು ಎರಡು ಸಲ ಬಾಯಿಪಾಠ ಮಾಡಿದ. ಹಡಗಿನಲ್ಲಿ ಮರಗೆಲಸ ಏನಿರುತ್ತದೆ ಎಂದು ಅಕ್ಕ ಕೇಳಿದರು. ಅವನೇ ಯೋಚಿಸಿ, “ಬಾಗಿಲುಗಳು ಉಪ್ಪುಗಾಳಿಗೆ ಉಬ್ಬಿಕೊಳ್ತಾವೇನೋ. ಕೆತ್ತಿ ಕೂರಿಸ್ಬೇಕೇನೋ,” ಅಂದ. ಅಷ್ಟು ಹೊತ್ತಿನಲ್ಲಿ ಅವನು ನಂಬಿಕೆಯಿಂದ ಆಡಿದ ಮಾತು ಅದೊಂದೇ. ಅವನು ಹೋದ ಮೇಲೆ ಟೀಚರಮ್ಮ ಸ್ಕೇಲನ್ನು ಕೈಯಲ್ಲೇ ಹಿಡಿದು ಕೂತಿದ್ದರು. ತಾವು ಮಾಡಿದ್ದು ಉಪಕಾರವೋ ಅಪಚಾರವೋ ಎಂದು ಅಕ್ಕನನ್ನು ಕೇಳಬೇಕೆನಿಸಿತು. ಅಕ್ಕ ಎರಡೂ ಹೌದು ಎನ್ನುತ್ತಾರೆ ಎಂದು ಗೊತ್ತಿದ್ದರಿಂದ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮತ್ತೆ ಬಂದ. ಇಬ್ಬರೂ ಏನಾಯಿತು ಎಂದು ಒಟ್ಟಿಗೇ ಕೇಳಿದರು.

“ಮದುವೆ ಚೆನ್ನಾಗಿ ಆಯ್ತು,” ಅಂದು ಕೂತ. “ಗಂಡಿನ ತಾತ ಒಬ್ರಿದ್ರು. ಎಂಬತ್ತು ದಾಟಿರ್ಬೇಕು. ನನ್ನ ಪಕ್ಕಕ್ಕೆ ಕರ್ದು ಕೂರಿಸ್ಕೊಂಡು, ಯಾವ ಹಡಗು ಅಂದ್ರು. ಹದಿನಾರು ದಿನ ಅಂತ ಶುರು ಮಾಡ್ದೆ ಟೀಚರಮ್ಮ. ಬಾಯಿ ಬರ್ಲಿಲ್ಲ. ಅಷ್ಟು ವಯಸ್ಸಾದೋರು, ನನ್ನ ಕೈ ಸವರ್ತಾ ಕೂತಿದಾರೆ. ನಾನು ಹಡಗಲ್ಲಿ ಇರ್ಲಿಲ್ಲ, ಜೈಲಲ್ಲಿದ್ದೆ ಅಂದ್ಬಿಟ್ಟೆ.”

ಅಕ್ಕ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

“ಅವರು ಹೂಂ ಹೂಂ ಅಂತ ತಲೆ ಆಡಿಸಿದ್ರು. ಆಮೇಲೆ, ಅಲ್ಲಿ ಊಟ ಹೇಗಿತ್ತಪ್ಪಾ, ನೀರಿನ ಮೇಲೆ ಇದ್ರೆ ಹೊಟ್ಟೆ ತೊಳಸುತ್ತಂತಲ್ಲ ಅಂದ್ರು.”

“ಕಿವಿ ಕೇಳ್ಸಲ್ವಾ ಅವರಿಗೆ?” ಅಂದರು ಅಕ್ಕ.

“ಅದೇ ಗೊತ್ತಾಗ್ತಿಲ್ಲ. ಒಬ್ರು ಕೇಳ್ಸಲ್ಲ ಅಂತಾರೆ, ಇನ್ನೊಬ್ರು ಬೇಕಾದ್ದೆಲ್ಲ ಕೇಳ್ಸುತ್ತೆ ಅಂತಾರೆ. ಹೊರಡುವಾಗ, ಆಗಾಗ ಬಂದು ಹೋಗ್ತಿರು, ಇನ್ನು ಮೇಲೆ ಅಷ್ಟು ದೂರ ಹೋಗ್ಬೇಡ ಅಂದ್ರು. ಇದನ್ನ ಏನಂತ ತಿಳ್ಕೊಳ್ಳೋದು?”

ಟೀಚರಮ್ಮ ಮುಂದಕ್ಕೆ ಬಾಗಿದರು. “ಮಗಳು? ಅವಳು ಎಲ್ಲಿದ್ಲು ಆಗ?”

“ನನ್ನ ಪಕ್ಕದಲ್ಲೇ ನಿಂತಿದ್ಲು. ನಾನು ಆ ಮಾತು ಆಡೋಕೆ ಬಾಯಿ ತೆಗೆದ ತಕ್ಷಣ ನನ್ನ ತೋಳು ಹಿಡ್ಕೊಂಡ್ಲು. ಬಿಗಿಯಾಗಿ, ಉಗುರು ನಾಟೋ ಹಾಗೆ.” ಗಿಡ್ಡ ತೋಳಿನ ಅಂಗಿಯ ಕೆಳಗೆ ಅವನ ಬಲಗೈಯ ಮೇಲೆ ನಾಲ್ಕು ಕೆಂಪು ಗೀರು ಇನ್ನೂ ಕಾಣುತ್ತಿದ್ದವು. “ಸುಮ್ನಿರು ಅಂತ ಹಿಡ್ಕೊಂಡ್ಲೋ, ಹೇಳಿಬಿಡು ಅಂತ ಹಿಡ್ಕೊಂಡ್ಲೋ ನಂಗೆ ತಿಳೀಲಿಲ್ಲ. ಊಟ ಮುಗಿಯೋ ತನಕ ಬಿಡ್ಲೂ ಇಲ್ಲ.”

“ಕೇಳ್ಬೇಕಿತ್ತು,” ಅಂದರು ಅಕ್ಕ.

“ಹೇಗೆ ಕೇಳ್ಲಿ ಅಕ್ಕಾ? ಕೇಳಿದ್ರೆ ಕೈ ಬಿಟ್ಬಿಡ್ತಾಳಲ್ಲ.”

ಟೀಚರಮ್ಮ ಚಹಾದ ಲೋಟವನ್ನು ಅವನ ಮುಂದೆ ಸರಿಸಿದರು. ಅವನು ಎಡಗೈಯಿಂದ ಎತ್ತಿಕೊಂಡು, ಬಲತೋಳನ್ನು ಅಲುಗಿಸದೆ, ನಿಧಾನವಾಗಿ ಕುಡಿದ.